ಪ್ರಸಾದ್ ಸರ್ ಹೇಳಿ ಬರೆಸಿದ ಕಾಗದ

ಹೆಬ್ಬಾಲೆ
23 ನವೆಂಬರ್ 2025, ಭಾನುವಾರ

ಚಿರಂಜೀವಿ ಸೌಜನ್ಯಳಿಗೆ,

ಮೊದಲು ಅಪ್ಪನ ಆಶೀರ್ವಾದ ತಗೋ, ಬುದ್ಧಿಮಾತು ಆಮೇಲೆ. ನಾನು ಕ್ಷೇಮ. ಮೊಣಕಾಲು ಮಾತ್ರ ಅಷ್ಟು ಕ್ಷೇಮವಿಲ್ಲ. ಅದರ ಬಗ್ಗೆ ಫೋನ್ ಮಾಡಿ ಕೇಳಬೇಡ, ಕೇಳಿದರೆ ಮಾತ್ರೆ ಹೆಸರು ಹೇಳುತ್ತೀಯ, ನಾನು ಬರೆದುಕೊಂಡಂತೆ ನಟಿಸಬೇಕಾಗುತ್ತದೆ.

ಜೇಬಿನಲ್ಲಿ ಮೊಬೈಲ್ ಇಟ್ಟುಕೊಂಡು ಅಪ್ಪ ಯಾಕೆ ಕಾಗದ ಬರೆಯುತ್ತಿದ್ದಾನೆ ಅಂತ ನಿನಗೆ ಆಶ್ಚರ್ಯ ಆಗಿರಬೇಕು. ಬರೆಯಲು ಹೇಳಿದವರು ನಿಮ್ಮ ಮೆಡಿಕಲ್ ಕಾಲೇಜಿನ ಡಿಪಾರ್ಟ್‌ಮೆಂಟಿನ ಹೆಡ್ಡು, ಡಾಕ್ಟರ್ ಪ್ರಸಾದ್. ಶುಕ್ರವಾರ ಮಧ್ಯಾಹ್ನ ಮನೆ ಮುಂದೆ ಒಂದು ಬಿಳಿ ಕಾರು ನಿಂತಿತು. ಹೆಂಡತಿ ಜೊತೆ ಕಕ್ಕಬೆಯ ಹೋಂಸ್ಟೇಗೆ ಹೋಗುತ್ತಿದ್ದಾರಂತೆ, ದಾರಿಯಲ್ಲಿ ನನ್ನನ್ನು ನೋಡಿಕೊಂಡು ಹೋಗೋಣ ಅಂತ ಬಂದರಂತೆ. ಕಕ್ಕಬೆಗೆ ಹೋಗುವವರಿಗೆ ಹೆಬ್ಬಾಲೆ ಯಾವ ದಾರಿಯಲ್ಲಿ ಸಿಗುತ್ತದೆ ಅಂತ ನಾನು ಕೇಳಲಿಲ್ಲ. ಮನೆಗೆ ಬಂದವರನ್ನು ಹಾಗೆಲ್ಲ ಕೇಳಬಾರದು.

ಹೆಂಡತಿ ಕಾರಿನಿಂದ ಇಳಿಯಲಿಲ್ಲ, ತಲೆನೋವು ಅಂದರು. ಇವರು ಒಳಗೆ ಬಂದರು. ಪಕ್ಕದ ಮನೆ ಹುಚ್ಚಮ್ಮ ಅವತ್ತು ಅಕ್ಕಿ ರೊಟ್ಟಿ, ಕುಂಬಳಕಾಯಿ ಪಲ್ಯ ತಂದುಕೊಟ್ಟಿದ್ದಳು, ಅದನ್ನೇ ಬಡಿಸಿದೆ. ಬೇಡ ಬೇಡ ಅಂದರು. ಅವರು ಕೈ ತೊಳೆಯಲು ಹಿತ್ತಲಿಗೆ ಹೋದಾಗ ಹುಚ್ಚಮ್ಮ ಪಾತ್ರೆ ಬಗ್ಗಿಸಿ ನೋಡಿ, "ಯಾರ್ ಇವ್ರು, ಸಿದ್ದಬಸಪ್ಪಣ್ಣ? ಬ್ಯಾಡ ಬ್ಯಾಡ ಅಂತ್ಲೇ ನನ್ ಪಾಲಿಂದೂ ಮುಗಿಸವ್ರೆ!" ಅಂದಳು. ನಮ್ಮ ಸೌಜನ್ಯಳ ಮೇಲಿನವರು ಕಣೇ, ಅಂದೆ. "ಹಂಗಾರೆ ಸರಿ, ಅವ್ಳ್ ಪಾಲೂ ಇವ್ರೇ ತಿಂತಾರೇನೋ" ಅಂದಳು. ಅವಳ ಬಾಯಿ ನಿನಗೆ ಗೊತ್ತಲ್ಲ.

ನಿಮ್ಮ ಹೆಡ್ಡು ಕೆಟ್ಟ ಮನುಷ್ಯರಲ್ಲ. ಅದನ್ನು ಮೊದಲೇ ಹೇಳಿಬಿಡುತ್ತೇನೆ. ಮೆತ್ತಗೆ ಮಾತಾಡುತ್ತಾರೆ. ಗೋಡೆಯ ಮೇಲಿನ ನಿಮ್ಮಮ್ಮನ ಫೋಟೋ ನೋಡಿ ಕೈ ಮುಗಿದರು. ಆಮೇಲೆ ವಿಷಯಕ್ಕೆ ಬಂದರು. "ನೋಡಿ ಯಜಮಾನ್ರೇ, ನಿಮ್ಮ ಮಗಳು ಬ್ರಿಲಿಯಂಟ್. ನಮ್ಮ ಜೂನಿಯರ್ ಫ್ಯಾಕಲ್ಟಿಯಲ್ಲಿ ಅವಳಂಥೋಳು ಇನ್ನೊಬ್ಬಳಿಲ್ಲ. ಆದ್ರೆ ಹಠ. ನಾನು ಫೋನ್ ಮಾಡಿದ್ರೆ ಕಟ್ ಮಾಡ್ತಾಳೆ. ನೀವು ನಿಮ್ಮ ಕೈಯಾರೆ ಒಂದು ಕಾಗದ ಬರೀರಿ. ತಂದೆ ಕೈಬರಹ ಅಂದ್ರೆ ಅದರ ತೂಕಾನೇ ಬೇರೆ" ಅಂದರು.

ಬರೆಯುತ್ತೇನೆ ಅಂತ ಮಾತು ಕೊಟ್ಟೆ. ಏನು ಬರೆಯುತ್ತೇನೆ ಅಂತ ಮಾತು ಕೊಡಲಿಲ್ಲ. ಅವರೂ ಕೇಳಲಿಲ್ಲ.

ಕಾಗದ ಅಂದ ಕೂಡಲೇ ನಿಮ್ಮಮ್ಮ ನೆನಪಾದಳು. ಮದುವೆಯಾದ ಹೊಸದರಲ್ಲಿ ತವರಿಗೆ ಹೋದರೆ ಅರಕಲಗೂಡಿನ ಬಸ್ಸಿನ ಕಂಡಕ್ಟರ್ ಕೈಲಿ ನನಗೆ ಕಾಗದ ಕಳಿಸುತ್ತಿದ್ದಳು. ಲಕೋಟೆಗೆ ಅಂಟು ಹಾಕುತ್ತಿರಲಿಲ್ಲ. ಅಂಟು ಹಾಕೇ ಮಾರಾಯ್ತಿ, ಅರ್ಧ ಬಸ್ಸು ಓದಿರುತ್ತೆ, ಅಂದರೆ ಕೇಳುತ್ತಿರಲಿಲ್ಲ. ಕೈಯಲ್ಲಿ ಕೊಟ್ಟು ಕಳಿಸುವ ಕಾಗದಕ್ಕೆ ಅಂಟು ಹಾಕಬಾರದು, ಹಾಕಿದರೆ ಒಯ್ಯುವವನನ್ನು ನಂಬಲಿಲ್ಲ ಅಂತ ಅರ್ಥ, ಅವನಿಗೆ ಅವಮಾನ ಅನ್ನುತ್ತಿದ್ದಳು. ಅದು ಅವರ ಮನೆಯ ಪದ್ಧತಿ. ಒಂದು ಸಲ ಆ ಕಂಡಕ್ಟರು ಕಾಗದ ಕೊಡುತ್ತಾ, "ಸಾರ್, ಅಕ್ಕಾವ್ರಿಗೆ ಹುಳಿ ತಿನ್ನಂಗಾಗೈತಂತೆ, ನಿಂಬೆಹಣ್ಣು ತಗಂಡ್ ಹೋಗಿ" ಅಂದಿದ್ದ. ನೀನು ಹುಟ್ಟುವ ಸುದ್ದಿ ನನಗಿಂತ ಮೊದಲು ಅವನಿಗೆ ಗೊತ್ತಿತ್ತು.

ಎಲ್ಲಿಂದ ಎಲ್ಲಿಗೋ ಹೋದೆ. ವಿಷಯಕ್ಕೆ ಬರುತ್ತೇನೆ.

ಹತ್ತು ದಿನದ ಹಿಂದೆ ನೀನು ಫೋನ್ ಮಾಡಿ ಎಲ್ಲ ಹೇಳಿ, ಕೊನೆಗೆ, ಅಪ್ಪ, ಪೇಪರ್ ವಾಪಸ್ ಕೇಳುವ ಇ-ಮೇಲ್ ಕಳಿಸಲೋ ಬೇಡವೋ ಅಂತ ಕೇಳಿದೆ. ನಾನು, ಊಟ ಆಯ್ತಾ ಅಂದೆ. ನೀನು ಫೋನ್ ಇಟ್ಟೆ. ಉತ್ತರ ಇಲ್ಲದೆ ಹಾಗಂದದ್ದಲ್ಲ. ಇಂಥ ಉತ್ತರವನ್ನು ಬಾಯಿಂದ ಹೇಳಿದರೆ ನಾಳೆ ಹೇಳಿಲ್ಲ ಅನ್ನಬಹುದು. ಬರೆದು ಸಹಿ ಹಾಕಿದರೆ ಆಗುವುದಿಲ್ಲ. ಅದಕ್ಕೇ ಪ್ರಸಾದ್ ಅವರು ಕಾಗದ ಬರೆಯಿರಿ ಅಂದಾಗ ಒಳ್ಳೆಯದೇ ಆಯಿತು ಅನ್ನಿಸಿತು.

ನನಗೆ ತಿಳಿದಷ್ಟು ಒಪ್ಪಿಸುತ್ತೇನೆ, ತಪ್ಪಿದ್ದರೆ ತಿದ್ದು. ಸಿದ್ದಾಪುರದ ಕಡೆಯ ಎಸ್ಟೇಟುಗಳಲ್ಲಿ ಕಾಫಿ ಗಿಡಕ್ಕೆ ಔಷಧಿ ಹೊಡೆಯುವವರ, ಔಷಧಿ ಕಲಸಿ ಕೊಡುವವರ ರಕ್ತ ತೆಗೆದು ಪರೀಕ್ಷೆ ಮಾಡಿದಿರಿ. ನರಕ್ಕೆ ಬೇಕಾದ ಯಾವುದೋ ಅಂಶ ಅವರ ರಕ್ತದಲ್ಲಿ ಕಡಿಮೆಯಾಗಿತ್ತು. ಎಲ್ಲರಿಗೂ ಗ್ಲೌಸು, ಮಾಸ್ಕು ಕೊಟ್ಟು, ಹೇಗೆ ಹಾಕಿಕೊಳ್ಳಬೇಕು ಅಂತ ಕಲಿಸಿ, ವರ್ಷ ಬಿಟ್ಟು ಅದೇ ಜನರ ರಕ್ತವನ್ನು ಮತ್ತೆ ತೆಗೆದಿರಿ. ಒಟ್ಟಿನ ಲೆಕ್ಕ ಸುಧಾರಿಸಿತ್ತು. ಔಷಧಿ ಅದೇ ಇರಲಿ, ಗ್ಲೌಸು ಮಾಸ್ಕು ಸಾಕು ಅಂತ ಪೇಪರ್ ಬರೆದಿರಿ. ದೊಡ್ಡ ವೈದ್ಯಕೀಯ ಪತ್ರಿಕೆಯವರು ಒಪ್ಪಿಕೊಂಡರು. ಹೆಸರುಗಳಲ್ಲಿ ಮೊದಲು ನಿನ್ನದು, ಕೊನೆಗೆ ಹೆಡ್ಡಿನದು. ಈ ಗುರುವಾರ ನಿನ್ನ ಪ್ರಮೋಷನ್ ಇಂಟರ್‌ವ್ಯೂ. ಆ ಪೇಪರ್ ಇದ್ದರೆ ನೀನು ಅಸೋಸಿಯೇಟ್ ಪ್ರೊಫೆಸರ್, ಇಲ್ಲದಿದ್ದರೆ ಇಲ್ಲ.

ಆಮೇಲೆ ನಿನಗೆ ಅನುಮಾನ ಬಂತು. ಒಬ್ಬಳಿದ್ದಳಲ್ಲ, ನನಗೆ ಹೇಳುವಾಗಲೂ ನಿಜವಾದ ಹೆಸರು ಹೇಳಬಾರದು ಅಂತ ನೀನು ಮಹಾದೇವಮ್ಮ ಅಂತ ಕರೆದೆ. ಮೊದಲ ಸಲ ರಕ್ತ ಕೊಟ್ಟಾಗ ಅವಳಿಗೆ ತಲೆ ನರೆತಿತ್ತು. ಎರಡನೇ ಸಲ ಮಹಾದೇವಮ್ಮ ಅಂತ ಕೂಗಿದರೆ ಕಂಕುಳಲ್ಲಿ ಮಗು ಇಟ್ಟುಕೊಂಡ ಹುಡುಗಿ ಬಂದು ತೋಳು ಚಾಚಿದಳು. ಅವತ್ತು ರಕ್ತ ತೆಗೆಯಲು ಹೋದದ್ದು ನೀನಲ್ಲ, ನಿಮ್ಮ ಟೆಕ್ನೀಷಿಯನ್ನು. ಅವನಿಗೆ ಹೆಸರು ಸರಿ ಇದ್ದರೆ ಸಾಕಾಯಿತು. ರಕ್ತದ ಗುಂಪೇ ಬೇರೆ ಬಂದದ್ದನ್ನು ನೋಡಿ ನೀನು ಮತ್ತೆ ಹೋಗಿ ಕೇಳಿದಾಗ ಅವಳು, "ಹೌದ್ ಕಣಕ್ಕ, ಆ ಮನೇಲಿ ಇರೋಳು ಮಹಾದೇವಮ್ಮ. ಈಗ ನಾನಿದೀನಿ, ಅದ್ಕೇ ನಾನೇ ಮಹಾದೇವಮ್ಮ" ಅಂದಳು. ಇದನ್ನು ಫೋನಿನಲ್ಲಿ ಹೇಳುವಾಗ ನೀನು ನಗುತ್ತಿದ್ದೆ, ಆಮೇಲೆ ನಗು ನಿಂತಿತು.

ಅದು ಲೈನಿನ, ಅಂದರೆ ಎಸ್ಟೇಟ್ ಆಳುಗಳ ಸಾಲುಮನೆಗಳ ವಾಡಿಕೆ. ಹಳಬರು ಬಿಟ್ಟು ಹೋದರೆ ಹೊಸಬರು ಆ ಮನೆಗೂ ಆ ಹೆಸರಿಗೂ ಸೇರಿಕೊಳ್ಳುತ್ತಾರೆ. ಹೆಸರು ಬದಲಾಯಿಸುವ ತಾಪತ್ರಯ ಹಾಜರಿ ಬರೆಯುವ ರೈಟರಿಗೂ ಇಲ್ಲ, ಆಳಿಗೂ ಇಲ್ಲ. ನೀನು ಹುಡುಕಿದಾಗ ಅಂಥವರು ಒಬ್ಬರಲ್ಲ, ಎಷ್ಟೋ ಜನ. ಕಾಯಿಲೆ ಬಿದ್ದವರು ಊರು ಸೇರಿದ್ದರು, ಗಟ್ಟಿ ಇರುವವರು ಅವರ ಹೆಸರು ಹೊತ್ತು ಬಂದಿದ್ದರು. ರಕ್ತ ಸುಧಾರಿಸಿರಲಿಲ್ಲ, ಮನುಷ್ಯರೇ ಬದಲಾಗಿದ್ದರು.

ಈಗ ಪ್ರಸಾದ್ ಅವರ ಉಪದೇಶ. ಅವರು ರೊಟ್ಟಿ ಮುರಿಯುತ್ತಾ ಹೇಳಿದ್ದನ್ನೆಲ್ಲ ನೆನಪಿಟ್ಟುಕೊಂಡಿದ್ದೇನೆ. ಬರೆಯುತ್ತೇನೆ ಅಂದಮೇಲೆ ಬರೆಯಬೇಕಲ್ಲ.

ಹೊಸದಾಗಿ ಸಂಶೋಧನೆಗೆ ಬಂದ ಮೇಷ್ಟ್ರುಗಳಿಗೆ ಒಬ್ಬ ಮೆಂಟರ್ ಇರಬೇಕಂತೆ. ದಾರಿ ಗೊತ್ತಿರುವವನು, ಎಲ್ಲಿ ಹಳ್ಳ ಇದೆ, ಎಲ್ಲಿ ಜಾರುತ್ತೆ ಅಂತ ಹೇಳುವವನು. ಒಪ್ಪಿದೆ. ಆದರೆ ಜಾರುವ ಕಡೆ ಕೈ ಹಿಡಿಯುವವನೂ ಇದ್ದಾನೆ, ಕೈ ಹಿಡಿದು ಜಾರಿಸುವವನೂ ಇದ್ದಾನೆ. ಹಿಡಿತ ಎರಡಕ್ಕೂ ಒಂದೇ ಥರ ಇರುತ್ತದೆ, ನೋಡಿಕೋ.

ಇನ್ನೊಂದು ಹೇಳಿದರು, ನನಗೆ ಬಹಳ ಹಿಡಿಸಿತು. ಚಿಕ್ಕವರು "ನೋ" ಅನ್ನುವುದನ್ನು ಕಲಿಯಬೇಕಂತೆ. ಆ ಕಮಿಟಿ, ಈ ಕಮಿಟಿ, ಯಾರದ್ದೋ ಕ್ಲಾಸು, ಯಾರದ್ದೋ ಪ್ರಶ್ನೆಪತ್ರಿಕೆ, ಎಲ್ಲಕ್ಕೂ ಹೂಂ ಅಂದರೆ ಸ್ವಂತ ಕೆಲಸ ಹಾಳು, ವಿನಯವಾಗಿ, ಗಟ್ಟಿಯಾಗಿ ನೋ ಅನ್ನಬೇಕು ಅಂದರು. ಇಷ್ಟು ಒಳ್ಳೆಯ ಮಾತನ್ನು ಹೇಳಿಕೊಟ್ಟವರಿಗೇ ಮೊದಲ ನೋ ಸಲ್ಲಬೇಕು. ಗುರುದಕ್ಷಿಣೆ ಅಂತ ತಿಳಿದುಕೋ.

ಆಮೇಲೆ ಮುಖ್ಯವಾದದ್ದು. ಪ್ರತಿ ಪೇಪರಿನ ಕೊನೆಗೂ ಲಿಮಿಟೇಷನ್ಸ್ ಅಂತ ಒಂದು ಪ್ಯಾರಾ ಇರುತ್ತದಂತೆ. ಕೆಲವರ ಗುರುತು ಖಾತ್ರಿ ಮಾಡಲಾಗಲಿಲ್ಲ ಅಂತ ಅದರಲ್ಲಿ ಒಂದು ಸಾಲು ಸೇರಿಸಿದರೆ ಮುಗಿಯಿತಂತೆ. "ಫಾರ್ ದಿ ಟೈಮ್ ಬೀಯಿಂಗ್ ಅಷ್ಟು ಸಾಕು ಯಜಮಾನ್ರೇ. ಮೊದಲು ಪ್ರಮೋಷನ್ ಆಗ್ಲಿ. ಕುರ್ಚಿ ಗಟ್ಟಿಯಾದ್ಮೇಲೆ ಎಷ್ಟು ಸತ್ಯ ಬೇಕಾದ್ರೂ ಹೇಳ್ಬಹುದು" ಅಂದರು. ಫಾರ್ ದಿ ಟೈಮ್ ಬೀಯಿಂಗ್ ಅನ್ನುವುದನ್ನು ನಾನೂ ಮಡಿಕೇರಿ ಕಾಲೇಜಿನಲ್ಲಿ ಬಿ.ಎ. ಓದುವಾಗ ಕಲಿತಿದ್ದೆ. ಹಾಸ್ಟೆಲಿನಲ್ಲಿ ಸೋರುವ ಮಾಡಿಗೆ ಫಾರ್ ದಿ ಟೈಮ್ ಬೀಯಿಂಗ್ ಒಂದು ಬಕೆಟ್ ಇಟ್ಟಿದ್ದರು. ಡಿಗ್ರಿ ಮುಗಿಸದೆ ನಾನು ಹೊರಬಂದೆ, ಬಕೆಟ್ ಅಲ್ಲೇ ಇತ್ತು.

ಕುರ್ಚಿಯ ಮಾತಿಗೆ ನನ್ನ ಉತ್ತರ ಇದು. ಧೈರ್ಯ ಅನ್ನುವುದು ಕುರ್ಚಿಯ ಜೊತೆ ಬರುವ ಸಾಮಾನಾಗಿದ್ದರೆ, ಅಷ್ಟು ದೊಡ್ಡ ಕುರ್ಚಿಯಲ್ಲಿ ಕೂತವರು ಹೆಬ್ಬಾಲೆ ತನಕ ಬಂದು ನನ್ನ ಕೈಲಿ ಕಾಗದ ಬರೆಸಬೇಕಾಗಿತ್ತೇ?

ನನಗೆ ನಿಮ್ಮ ಸ್ಟ್ಯಾಟಿಸ್ಟಿಕ್ಸ್ ತಿಳಿಯದು. ಶುಂಠಿ ತಿಳಿಯುತ್ತದೆ. ನೀನು ಹೈಸ್ಕೂಲಿನಲ್ಲಿದ್ದಾಗ ಪಿರಿಯಾಪಟ್ಟಣದ ಕಡೆ ಒಬ್ಬನ ಹೊಲದಿಂದ ಬಿತ್ತನೆ ಶುಂಠಿ ತಂದದ್ದು ನೆನಪಿದೆಯಾ? ಹೊಲ ನೋಡಲು ಹೋದಾಗ ಒಂದು ಹಳದಿ ಎಲೆ ಇರಲಿಲ್ಲ. ಅಲ್ಲಲ್ಲಿ ಖಾಲಿ ಜಾಗ ಇತ್ತು. ಅದೇನು ಅಂತ ಕೇಳಿದರೆ, ಹಂದಿ ಕಿತ್ತದ್ದು ಅಂದ. ಹಂದಿ ಅಲ್ಲ, ಕೊಳೆರೋಗ ಹತ್ತಿದ ಗಿಡಗಳನ್ನು ನಾವು ಬರುವ ಮೊದಲೇ ಅವನೇ ಕಿತ್ತು ಹಾಕಿದ್ದ. ಉಳಿದದ್ದು ಹಸಿರಾಗಿ ಕಾಣದೆ ಇನ್ನೇನು? ಆ ವರ್ಷ ನಮ್ಮ ಹೊಲ ಪೂರ್ತಿ ಕೊಳೆತು ನಾರಿತು. ನಿಮ್ಮ ಪೇಪರಿನ ಹೊಲವೂ ಈಗ ಹಸಿರಾಗಿದೆ. ಅದನ್ನು ನೋಡಿ ಇನ್ನೂ ಎಷ್ಟು ಎಸ್ಟೇಟಿನವರು ಅದೇ ಔಷಧಿಯನ್ನು ಹೊಡೆಸುತ್ತಾರೆ, ಎಷ್ಟು ಜನರ ಕೈಗೆ ಒಂದು ಜೊತೆ ಗ್ಲೌಸು ಕೊಟ್ಟು ಕೆಲಸ ಮುಗಿಯಿತು ಅನ್ನುತ್ತಾರೆ? ಖಾಲಿ ಜಾಗ ಯಾಕೆ ಅಂತ ಕೇಳುವವರು ಯಾರು?

ಇದನ್ನೇ ಪ್ರಸಾದ್ ಅವರಿಗೂ ಹೇಳಿದೆ, ಇಷ್ಟು ಬಿಡಿಸಿ ಅಲ್ಲ. ಅವರು ಮುರಿದ ರೊಟ್ಟಿಯನ್ನು ತಟ್ಟೆಗೇ ಹಾಕಿದರು. "ನನಗೂ ನಿಮ್ಮ ಮಗಳ ವಯಸ್ಸಲ್ಲಿ ಹಿಂಗೇ ಒಂದು ಬಂದಿತ್ತು. ನುಂಗಿದೆ. ನುಂಗಿದ್ದಕ್ಕೇ ಇವತ್ತು ಇಲ್ಲಿದೀನಿ" ಅಂದರು. ಹೊಟ್ಟೆಯಲ್ಲಿ ಇನ್ನೂ ಇದೆಯಾ, ಕರಗಿತಾ ಅಂತ ಕೇಳಿದೆ. ಲೋಟದ ನೀರನ್ನೆಲ್ಲ ಕುಡಿದರು. ಅದೊಂದು ಗಳಿಗೆ ಆ ಮನುಷ್ಯನನ್ನು ಕಂಡು ನನಗೆ ಪಾಪ ಅನ್ನಿಸಿತು. ಆದರೆ ಪಾಪ ಅನ್ನಿಸಿದ್ದಕ್ಕೆಲ್ಲ ಮಗಳನ್ನು ಬಲಿ ಕೊಡಲಾಗುವುದಿಲ್ಲ.

ನಿನಗೆ ಗೊತ್ತಿಲ್ಲದ ಒಂದು ಸಂಗತಿ ಇದೆ. ಕಳೆದ ವಾರ ನಾನು ಸಿದ್ದಾಪುರಕ್ಕೆ ಹೋಗಿದ್ದೆ. ಸುಮ್ಮನೆ, ಸಂತೆಗೆ ಅಂತ. ಈ ಮೊಣಕಾಲು ಎಳೆದುಕೊಂಡು ಹೆಬ್ಬಾಲೆಯಿಂದ ಸಿದ್ದಾಪುರಕ್ಕೆ ತೊಂಡೆಕಾಯಿ ತರಲು ಹೋದೆ ಅಂದರೆ ಹುಚ್ಚಮ್ಮನೂ ನಂಬಲಿಲ್ಲ, ನೀನೂ ನಂಬಬೇಡ. ವಿರಾಜಪೇಟೆ ಬಸ್ಸು ನಿಲ್ಲುವ ಕಡೆ ಕಟ್ಟೆಯ ಮೇಲೆ ಲೈನಿನ ಹೆಂಗಸರು ಕೂತಿದ್ದರು, ತಮಿಳು, ಕನ್ನಡ, ಮಲಯಾಳ ಎಲ್ಲ ಒಟ್ಟಿಗೆ ಹರಟುತ್ತಾ. ನಾನೂ ಕೂತೆ. ಮುದುಕರಿಗೆ ಇದೊಂದು ಅನುಕೂಲ, ಎಲ್ಲಿ ಕೂತರೂ ಯಾರೂ ಯಾಕೆ ಅನ್ನುವುದಿಲ್ಲ. ಮಾತಿಗೆ ಮಾತು ಬಂದು, ರಕ್ತ ಪರೀಕ್ಷೆಗೆ ಬರುವ ಡಾಕ್ಟರು ನನ್ನ ಮಗಳು ಅಂದೆ. ಒಬ್ಬಳು ತಿರುಗಿ ನೋಡಿ ನಕ್ಕಳು. ಅವಳೂ ಬೇರೆಯವರ ಹೆಸರಿನಲ್ಲಿ ಇರುವವಳೇ. "ಅದ್ರಲ್ಲೇನಿದೆ ಸ್ವಾಮಿ, ಮನೆ ಬೇಕು ಅಂದ್ರೆ ಹೆಸರೂ ಹಾಕ್ಕಬೇಕು, ಬಿಟ್ಟೋದ ಸೀರೆ ಉಟ್ಕಂಡಂಗೆ" ಅಂದಳು.

ಮೊದಲಿದ್ದವಳು ಏನಾದಳು ಅಂತ ಕೇಳಿದೆ.

"ಅವ್ಳ ಕೈ ನಡುಗ್ತಿತ್ತು. ಲೋಟ ಹಿಡಿಯಕ್ ಆಗ್ತಿರ್ಲಿಲ್ಲ. ಔಷಧಿ ಕಲಸೋ ಕೈ ನಡುಗಿದ್ರೆ ಯಾರ್ ಇಟ್ಕಳ್ತಾರೆ? ಕೊಳ್ಳೇಗಾಲದ್ ಕಡೆ ಮಗಳ ಮನೆಗ್ ಹೋದ್ಲು." ಅಷ್ಟು ಹೇಳಿ ಅವಳು ತನ್ನ ಕೈಗಳನ್ನೇ ಒಂದು ಸಲ ತಿರುಗಿಸಿ ನೋಡಿಕೊಂಡಳು.

ನೀನು ಹೇಳಿದ ಮಹಾದೇವಮ್ಮ ಇವಳೇನಾ, ಇನ್ನೊಬ್ಬಳಾ, ನಾನು ಕೆದಕಲಿಲ್ಲ. ಬಸ್ಸು ಬಂತು. ಹತ್ತುವಾಗ ಚೀಲ ಕಂಕುಳಿಗೆ ಸಿಕ್ಕಿಸಿಕೊಂಡು, "ಸ್ವಾಮಿ, ನಿಮ್ ಮಗಳಿಗೆ ಒಂದ್ ಮಾತ್ ಹೇಳಿ. ಇನ್ನೊಂದ್ ಸಲ ಬಂದ್ರೆ ನನ್ ರಕ್ತನ ನನ್ ಹೆಸರಲ್ಲೇ ಬರ್ಕಳಕ್ ಹೇಳಿ. ನಂಗೂ ಒಂದ್ ಹೆಸರೈತೆ" ಅಂದಳು. ಆ ಹೆಸರನ್ನೂ ಹೇಳಿದಳು. ನನಗೆ ನೆನಪಿದೆ, ಈ ಕಾಗದದಲ್ಲಿ ಬರೆಯುವುದಿಲ್ಲ. ಯಾಕೆ ಅಂತ ಕೊನೆಗೆ ತಿಳಿಯುತ್ತದೆ.

ನಿಮ್ಮಮ್ಮ ಆಸ್ಪತ್ರೆಯಲ್ಲಿದ್ದ ದಿನಗಳು ನಿನಗೆ ನೆನಪಿರಬೇಕು. ನೀನಾಗ ಅಲ್ಲೇ ಪಿ.ಜಿ. ಮಾಡುತ್ತಿದ್ದೆ. ದೊಡ್ಡ ಡಾಕ್ಟರು ಹಿಂಡು ಕಟ್ಟಿಕೊಂಡು ಬಂದು, ಮಂಚದ ಕಾಲ ಬಳಿ ನಿಂತು, ರೋಗಿ ಆರಾಮವಾಗಿದ್ದಾರೆ ಅಂತ ಬರೆಸಿ ಮುಂದೆ ಹೊರಟರು. ಇವಳು ದಿಂಬಿನಿಂದ ತಲೆ ಎತ್ತಿ, "ಓ ಡಾಕ್ಟ್ರೇ, ಇಲ್ಲಿ ಬನ್ನಿ. ನನ್ ಮಕ ನೋಡ್ಬಿಟ್ಟು ಬರ್ಕಳಿ" ಅಂದಳು. ಇಡೀ ವಾರ್ಡು ತಿರುಗಿ ನೋಡಿತು. ನೀನು ಬಿಳಿ ಕೋಟಿನಲ್ಲಿ ಆ ಹಿಂಡಿನ ಕೊನೆಯಲ್ಲಿ ನಾಚಿಕೆಯಿಂದ ತಲೆ ತಗ್ಗಿಸಿ ನಿಂತಿದ್ದೆ. ಡಾಕ್ಟರು ವಾಪಸ್ ಬಂದರು, ನೋಡಿದರು, ಬರೆದದ್ದನ್ನು ಹೊಡೆದು ಹಾಕಿಸಿದರು. ಅವರ ಕುರ್ಚಿಯೇನೂ ಮುರಿಯಲಿಲ್ಲ.

ಆದ್ದರಿಂದ ನನ್ನ ಬುದ್ಧಿಮಾತು ಇಷ್ಟೇ. ಕಳಿಸು. ಪೇಪರ್ ವಾಪಸ್ ಕೊಡಿ ಅಂತ ಪತ್ರಿಕೆಯವರಿಗೆ ನೀನು ಬರೆದಿಟ್ಟುಕೊಂಡಿರುವ ಮೇಲನ್ನು ಇಂಟರ್‌ವ್ಯೂ ಮುಗಿಯಲಿ ಅಂತ ಕಾಯದೆ ಅದಕ್ಕೆ ಮೊದಲೇ ಕಳಿಸು. ಗುರುವಾರ ಆ ಕೋಣೆಗೆ ಹೋಗಿ, ಪೇಪರ್ ವಾಪಸ್ ತಗೊಂಡಿದ್ದೇನೆ, ಯಾಕೆ ಅಂತ ಕೇಳಿ, ಅನ್ನು. ಪೇಪರಿನಲ್ಲಿ ಹೆಸರಿರುವವರೆಲ್ಲ ಒಪ್ಪಬೇಕು, ತಾವು ಒಪ್ಪದೆ ಅದು ವಾಪಸ್ ಬರುವುದಿಲ್ಲ ಅಂತ ಪ್ರಸಾದ್ ಅವರು ಹೇಳಿದರು. ಒಪ್ಪದಿದ್ದರೆ ಒಬ್ಬಳೇ ಬರೆಯಬಹುದು, ಪತ್ರಿಕೆಯವರು ವಿಚಾರಣೆ ಮಾಡುತ್ತಾರೆ ಅಂತ ನೀನು ಹೇಳಿದ್ದೆ. ಮಾಡಲಿ. ವಿಚಾರಣೆ ಅಂದರೆ ಹೆದರಬೇಕಾದವರು ನಾವಲ್ಲ.

ಪ್ರಮೋಷನ್ ತಪ್ಪುತ್ತದೆ. ತಪ್ಪುವುದಿಲ್ಲ ಅಂತ ಸುಳ್ಳು ಸಮಾಧಾನ ಹೇಳುವುದಿಲ್ಲ. ನಿನ್ನ ಕೈಕೆಳಗೆ ಓದಿದವರು ನಿನಗಿಂತ ಮೇಲೆ ಕೂರಬಹುದು. ಬೇಡದ ಕ್ಲಾಸು, ಬೇಡದ ಕಮಿಟಿ ಎಲ್ಲ ನಿನ್ನ ತಲೆಗೇ ಬರಬಹುದು. ಇಂಥ ಹೊತ್ತಿನಲ್ಲಿ ಅಪ್ಪಂದಿರು, ಬಿಟ್ಟು ಬಾ ಮಗಳೇ, ಇಲ್ಲಿ ಮನೆ ಇದೆ, ಅನ್ನುತ್ತಾರೆ. ನಾನು ಅನ್ನುವುದಿಲ್ಲ. ಹಬ್ಬಕ್ಕೆ ಬಾ, ಬೇಕಾದಷ್ಟು ದಿನ ಇರು. ಕೆಲಸ ಬಿಟ್ಟು ಬಂದರೆ ಬಾಗಿಲಲ್ಲೇ ನಿಲ್ಲಿಸಿ ವಾಪಸ್ ಬಸ್ ಹತ್ತಿಸುತ್ತೇನೆ. ನೀನು ಇರಬೇಕಾದ್ದು ಅಲ್ಲೇ. ಆ ಕಿರಿ ಕುರ್ಚಿಯಲ್ಲೇ ಕೂತು, ಮತ್ತೆ ಸಿದ್ದಾಪುರಕ್ಕೆ ಹೋಗಿ, ಮೊದಲಿಂದ ಶುರು ಮಾಡು. ಈ ಸಲ ಊರಿಗೆ ಹೋದವರನ್ನೂ ಹುಡುಕು, ಕೊಳ್ಳೇಗಾಲಕ್ಕೂ ಹೋಗು. ಅವರ ರಕ್ತ ಇಲ್ಲದೆ ಆ ಲೆಕ್ಕಕ್ಕೆ ಅರ್ಥವಿಲ್ಲ. ಬೇಕಾದರೆ ಕಾಲೇಜಿನವರೇ ಎಬ್ಬಿಸಲಿ ನಿನ್ನನ್ನು, ನೀನಾಗಿ ಏಳಬೇಡ.

ಕಾಲೇಜಿನಲ್ಲಿ ನಮ್ಮ ಇಂಗ್ಲಿಷ್ ಮೇಷ್ಟ್ರು ರಜಾ ಅರ್ಜಿಯ ಕೊನೆಗೆ ಯುವರ್ಸ್ ಒಬೀಡಿಯೆಂಟ್ಲಿ ಅಂತ ಹಾಕದಿದ್ದರೆ ಹರಿದು ಎಸೆಯುತ್ತಿದ್ದರು. ನನಗೆ ಬರುವ ಇಂಗ್ಲಿಷಿನಲ್ಲಿ ಅದೊಂದರ ಸ್ಪೆಲಿಂಗ್ ಮಾತ್ರ ಈಗಲೂ ತಪ್ಪುವುದಿಲ್ಲ. ಈ ಕಾಗದಕ್ಕೆ ಅದನ್ನು ಹಾಕುತ್ತಿಲ್ಲ. ಬೇಕಾದವರು ಹರಿದುಕೊಳ್ಳಲಿ.

ಊಟ ಸರಿಯಾಗಿ ಮಾಡು. ಅವತ್ತು ಕೇಳಿದ್ದಕ್ಕೂ ಉತ್ತರ ಬಂದಿಲ್ಲ.

ಇಂತಿ ನಿನ್ನ ಪಕ್ಷದ, ಯಾವತ್ತೂ ನಿನ್ನ ಪಕ್ಷದ,
ಅಪ್ಪ
ಸಿದ್ದಬಸಪ್ಪ

ಮರೆತ ಮಾತು: ಈ ಕಾಗದವನ್ನು ನಿನಗೆ ತಲುಪಿಸುವವರು ಪ್ರಸಾದ್ ಅವರೇ. ಇವತ್ತು ಸಂಜೆ ಕಕ್ಕಬೆಯಿಂದ ವಾಪಸ್ ಹೋಗುವಾಗ ಬಂದು ತಗೊಂಡು ಹೋಗುತ್ತಾರೆ. ಪೋಸ್ಟ್ ಬೇಡ ಯಜಮಾನ್ರೇ, ತಡ ಆಗುತ್ತೆ, ನಾಳೆ ಬೆಳಗ್ಗೆ ನಾನೇ ಅವಳ ಕೈಗೆ ಕೊಡ್ತೀನಿ ಅಂತ ಬಹಳ ಪ್ರೀತಿಯಿಂದ ಹೇಳಿದ್ದಾರೆ. ಲಕೋಟೆಗೆ ಅಂಟು ಹಾಕಿಲ್ಲ, ನಿಮ್ಮಮ್ಮನ ಮನೆಯ ಪದ್ಧತಿ. ಆ ಹೆಂಗಸಿನ ಹೆಸರು ಬರೆಯದೆ ಇದ್ದದ್ದೂ ಅದಕ್ಕೇ. ಪ್ರಸಾದ್ ಸರ್, ನಮಸ್ಕಾರ. ಇಲ್ಲಿಯ ತನಕ ಓದಿದ್ದೀರಿ ಅಂತ ಗೊತ್ತು. ರೊಟ್ಟಿಯ ಮಾತನ್ನು ಹುಚ್ಚಮ್ಮ ತಮಾಷೆಗೆ ಅಂದದ್ದು, ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ಉಳಿದದ್ದನ್ನು ಹಚ್ಚಿಕೊಳ್ಳಿ.

ಸೌಜನ್ಯ, ನೀನು ಇದನ್ನು ಹಾಳೆಯ ಮೇಲೆ ಓದುತ್ತಿದ್ದರೆ, ಎಲ್ಲ ಓದಿದ ಮೇಲೂ ಆ ಮನುಷ್ಯ ತಂದು ಕೊಟ್ಟಿದ್ದಾರೆ ಅಂತ ಆಯಿತು. ಹಾಗಿದ್ದರೆ ಹಿಂದೆ ನುಂಗಿದ್ದು ಇನ್ನೂ ಕರಗಿಲ್ಲ. ಕೂರಿಸಿ ಕಾಫಿ ಕೊಡು, ಆ ಮೇಲ್ ತೋರಿಸಿ, ನನ್ನ ಹೆಸರಿನ ಪಕ್ಕ ನಿಮ್ಮದೂ ಇರಲಿ ಸರ್, ಅಂತ ಒಂದೇ ಒಂದು ಸಲ ಕೇಳು. ಮೊಬೈಲಿನಲ್ಲಿ ಓದುತ್ತಿದ್ದರೆ ಅವರು ಕೊಡಲಿಲ್ಲ ಅಂತ ಅರ್ಥ. ಹುಚ್ಚಮ್ಮ ಇಲ್ಲಿಯ ತನಕದ ಹಾಳೆಗಳ ಫೋಟೋ ತೆಗೆದಿಟ್ಟಿದ್ದಾಳೆ, ಇದರದ್ದೂ ತೆಗೆಯುತ್ತಾಳೆ, ಅಲ್ಲಲ್ಲಿ ಅವಳ ಹೆಬ್ಬೆರಳು ಅಡ್ಡ ಬಂದಿದೆ, ಕ್ಷಮಿಸು. ನಾಳೆ ಮಧ್ಯಾಹ್ನದ ಊಟದ ಹೊತ್ತಿಗೆ ಕಾಗದ ಸಿಕ್ಕಿತು ಅಂತ ನಿನ್ನ ಫೋನ್ ಬರದಿದ್ದರೆ ಕಳಿಸು ಅಂತ ಅವಳಿಗೆ ಹೇಳಿದ್ದೇನೆ. ಅಲ್ಲಿಯ ತನಕ ಅವರಿಗೂ ಒಂದು ಅವಕಾಶ ಇರಲಿ.